ಬೇಸಿಗೆಯಲ್ಲಿ ಹಸುಗೂಸನ್ನ ಹೊರಗೆ ಕರ್ಕೊಂಡು ಹೋಗ್ಬಹುದಾ?
ನೇರ ಬಿಸಿಲಿಗಂತೂ ಬೇಡವೇ ಬೇಡ. 6 ತಿಂಗಳ ಒಳಗಿನ ಮಗುವಿಗೆ ಸನ್‌ಸ್ಕ್ರೀನ್ ಕೂಡ ಸಾಮಾನ್ಯವಾಗಿ ಬೇಡ ಅಂತಾರೆ ಡಾಕ್ಟರ್‌ಗಳು, ಚರ್ಮ ಅಷ್ಟು ತೆಳು, ಹಾಗಾಗಿ ನೆರಳು, ಟೋಪಿ, ತೆಳ್ಳನೆ ಕಾಟನ್ ಬಟ್ಟೆ ಇಷ್ಟೇ. ತುಂಬಾ ಜನ ಬಿಸಿಲು ತಾಗ್ಬಾರ್ದು ಅಂತ ತಳ್ಳೋ ಗಾಡಿ ಮೇಲೆ ಬಟ್ಟೆ ಮುಚ್ಚಿಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಗಾಳಿ ಆಡದೆ ಒಳಗೆ ಕಾವು ಏರತ್ತೆ. ಸೆಕೆ ಆಗ್ತಿದ್ಯಾ ಅಂತ ನೋಡೋಕೆ ಕೈಕಾಲು ಮುಟ್ಟಿದ್ರೆ ಗೊತ್ತಾಗಲ್ಲ, ಅವು ತಣ್ಣಗೇ ಇರ್ತವೆ, ಕತ್ತಿನ ಹಿಂದೆ ಮುಟ್ಟಿ, ಅಲ್ಲಿ ಬೆವ್ತು ಅಂಟಂಟಾಗಿದ್ರೆ ಒಂದು ಬಟ್ಟೆ ತೆಗೀರಿ. ನೀರು ಕುಡಿಸ್ಬೇಡಿ, ಎದೆಹಾಲೇ ಪದೇ ಪದೇ ಕೊಡಿ. ಹಾಲು ಕುಡೀದೆ ಮಂಕಾಗಿದ್ರೆ, ಉಚ್ಚೆ ಕಮ್ಮಿ ಆದ್ರೆ, ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ ಕಾಯ್ಬೇಡಿ, ಆಗ್ಲೇ ಡಾಕ್ಟರ್ ಹತ್ರ ಹೋಗಿ.