ಹಾಲಿನ ಲೋಟದಲ್ಲಿ ಮಾಡಿದ ಉಳಿತಾಯ: ಒಂದು ಆಪ್ತಸಲಹೆ ಪ್ರಕರಣ

(ದಂಪತಿಯ ಒಪ್ಪಿಗೆ ಪಡೆದು, ಅವರ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆದಿದ್ದೇನೆ.)

ಮೂವತ್ತೊಂಬತ್ತು ವರ್ಷದ ಆ ಗೃಹಿಣಿಯನ್ನು ನನ್ನಲ್ಲಿಗೆ ಕಳುಹಿಸಿದವರು ಅವರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರು. ಹಿಮೋಗ್ಲೋಬಿನ್ 8.2ಕ್ಕೆ ಇಳಿದಿತ್ತು. ಎರಡು ಬಾರಿ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರೂ ಸುಧಾರಣೆ ಕಾಣದಿದ್ದಾಗ, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲವೆಂದು ಆಕೆ ಹೇಳಿದ್ದನ್ನು ಗಮನಿಸಿ, ಮನೆಯಲ್ಲಿ ಏನೋ ತೊಂದರೆ ಇರಬೇಕೆಂದು ಅವರು ಊಹಿಸಿದ್ದರು. ಮೊದಲ ಭೇಟಿಯಲ್ಲಿ ಆಕೆ ಗಂಡನ ಬಗ್ಗೆಯಾಗಲಿ ಅತ್ತೆಯ ಬಗ್ಗೆಯಾಗಲಿ ಒಂದೇ ಒಂದು ದೂರು ಹೇಳಲಿಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು.

ಅದು ಮಗಳ ಕಳೆದ ವರ್ಷದ ಗಣಿತದ ನೋಟ್‌ಬುಕ್. ಮುಂಭಾಗದಲ್ಲಿ ಮಗಳ ಲೆಕ್ಕಗಳಿದ್ದವು. ಹಿಂದಿನಿಂದ ತಿರುಗಿಸಿದರೆ ಖಾಲಿ ಉಳಿದ ಹಾಳೆಗಳಲ್ಲಿ ತಾಯಿಯ ಲೆಕ್ಕ. ಅಡಿಪಟ್ಟಿಯಿಟ್ಟು ಗೆರೆ ಎಳೆದು ಎಡಕ್ಕೆ ‘ಖರ್ಚು’, ಬಲಕ್ಕೆ ‘ಉಳಿದದ್ದು’ ಎಂದು ಬರೆದಿದ್ದರು. ಬಲಗಡೆಯ ಸಾಲುಗಳನ್ನು ಓದುತ್ತ ಹೋದಂತೆ ನನಗೆ ಮಾತು ಹೊರಡಲಿಲ್ಲ: ‘ಹಾಲು ದಿನಕ್ಕೆ ಅರ್ಧ ಲೀಟರ್ ಕಡಿಮೆ’, ‘ಮೊಟ್ಟೆ ಮಕ್ಕಳಿಗೆ ಮಾತ್ರ’, ‘ನನ್ನ ಮಾತ್ರೆ ದಿನ ಬಿಟ್ಟು ದಿನ’. ಎಲ್ಲ ಸೇರಿ ತಿಂಗಳಿಗೆ 1,150 ರೂಪಾಯಿ. “ನಾನು ಮನೇಲೇ ಇರ್ತೀನಲ್ಲ ಮೇಡಂ, ನನಗ್ಯಾಕೆ ಹಾಲು ಅಂತ ಬಿಟ್ಟೆ” ಎಂದರು. ಆ ಮಾತಿನಲ್ಲಿ ಬೇಸರವಿರಲಿಲ್ಲ, ಒಂದು ಬಗೆಯ ಹೆಮ್ಮೆಯೇ ಇತ್ತು. ನನ್ನನ್ನು ಹೆಚ್ಚು ಕಾಡಿದ್ದು ಆ ಹೆಮ್ಮೆ.

ಮನೆಯಲ್ಲಿ ಐದು ಜನ: ದಂಪತಿ, ಹೈಸ್ಕೂಲು ಓದುವ ಮಗ ಮತ್ತು ಮಗಳು, ರಕ್ತದೊತ್ತಡವಿರುವ ಅತ್ತೆ. ಪತಿಯ ಕೈಗೆ ಬರುವ ಸಂಬಳ 34,000 ರೂಪಾಯಿ. ಬಾಡಿಗೆ 8,500, ಶಾಲೆಯ ಖರ್ಚಿಗೆಂದು ಎತ್ತಿಡುವುದು 4,000. ಉಳಿದುದರಲ್ಲಿ 14,000 ರೂಪಾಯಿಯನ್ನು ಪತಿ ಮನೆಖರ್ಚಿಗೆ ಕೊಡುತ್ತಿದ್ದರು. ಮಿಕ್ಕ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಆಕೆಗೆ ತಿಳಿದಿರಲಿಲ್ಲ. ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: “ಸ್ವಲ್ಪ ಕೈ ಬಿಗಿ ಇದೆ, ಸುಧಾರಿಸು.” ಆಕೆ ತನಗೆ ಗೊತ್ತಿದ್ದ ರೀತಿಯಲ್ಲಿ ಸುಧಾರಿಸಿಕೊಂಡರು.

ಎರಡನೆಯ ಭೇಟಿಗೆ ಪತಿಯೂ ಬಂದರು. ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕ್ರೆಡಿಟ್ ಕಾರ್ಡಿನ ವಿಷಯ ಹೇಳಿದರು. ಎರಡು ವರ್ಷದ ಹಿಂದೆ ತಾಯಿಯ ಆಸ್ಪತ್ರೆಯ ಖರ್ಚನ್ನು ಕಾರ್ಡಿನಲ್ಲಿ ಕಟ್ಟಿದ್ದರು. ಬಾಕಿ 62,000 ರೂಪಾಯಿ ಇತ್ತು, ಪ್ರತಿ ತಿಂಗಳೂ ‘ಕನಿಷ್ಠ ಪಾವತಿ’ಯೆಂದು ತೋರಿಸುವ ಶೇಕಡಾ 5ರಷ್ಟನ್ನು, ಅಂದರೆ 3,100 ರೂಪಾಯಿಯನ್ನು, ತಪ್ಪದೆ ಕಟ್ಟುತ್ತಿದ್ದರು. ಸಾಲ ತೀರುತ್ತಿದೆ ಎಂದೇ ಅವರು ನಂಬಿದ್ದರು. ಇಬ್ಬರ ಎದುರೇ ಕಾಗದದ ಮೇಲೆ ಲೆಕ್ಕ ಮಾಡಿದೆ. ಅವರ ಕಾರ್ಡಿಗೆ ತಿಂಗಳಿಗೆ ಶೇಕಡಾ 3.5 ಬಡ್ಡಿ, ಅಂದರೆ 2,170 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಸುಮಾರು 390 ರೂಪಾಯಿ. ಕಟ್ಟಿದ 3,100ರಲ್ಲಿ ಅಸಲಿಗೆ ಸೇರುತ್ತಿದ್ದುದು 540 ರೂಪಾಯಿ ಮಾತ್ರ. ನಡುವೆ ಅದೇ ಕಾರ್ಡಿನಲ್ಲಿ ಪೆಟ್ರೋಲು, ಮೊಬೈಲ್ ರೀಚಾರ್ಜು ಆಗುತ್ತಿದ್ದುದರಿಂದ ಆ 540 ಕೂಡ ಮತ್ತೆ ತುಂಬಿಕೊಳ್ಳುತ್ತಿತ್ತು.

ಹೆಂಡತಿ ಹಾಲು, ಮೊಟ್ಟೆ, ಔಷಧಿ ಬಿಟ್ಟು ಕೂಡಿಸುತ್ತಿದ್ದ ಮೊತ್ತದ ಎರಡರಷ್ಟಕ್ಕಿಂತ ಹೆಚ್ಚು ಹಣ ಪ್ರತಿ ತಿಂಗಳೂ ಬಡ್ಡಿಗೆ ಮತ್ತು ಅದರ ಮೇಲಿನ ತೆರಿಗೆಗೆ ಹೋಗುತ್ತಿತ್ತು. ಆ ಕಾಗದವನ್ನು ನೋಡುತ್ತ ಪತಿ, “ಹೇಳಿದ್ರೆ ನಿದ್ದೆ ಕೆಡಿಸ್ಕೊಳ್ತಾಳೆ ಅಂತ ಹೇಳಿರ್ಲಿಲ್ಲ” ಎಂದರು. ಹೆಂಡತಿ ಅತ್ತರು, ಸಿಟ್ಟೂ ಮಾಡಿಕೊಂಡರು. ಆ ಸಿಟ್ಟನ್ನು ನಾನು ತಡೆಯಲಿಲ್ಲ. ಮುಚ್ಚಿಟ್ಟ ಸಾಲಕ್ಕೆ ಅದು ಸಲ್ಲಬೇಕಾದದ್ದೇ. ಹಾಗೆಂದು ಅವರು ದುಂದುಗಾರರಲ್ಲ, ತಾಯಿಗಾಗಿ ಸಾಲ ಮಾಡಿದವರು ಎಂಬುದನ್ನೂ ಹೇಳಿದೆ.

ಮೊದಲ ಸಲಹೆ ಸಾಲದ ಬಗ್ಗೆಯೇ ಇತ್ತು. ಕಾರ್ಡಿನ ಬಳಕೆ ಅಂದೇ ನಿಲ್ಲಬೇಕು. ಪತಿ ಸದಸ್ಯರಾಗಿರುವ ನೌಕರರ ಸಹಕಾರಿ ಪತ್ತಿನ ಸಂಘದಲ್ಲಿ ವರ್ಷಕ್ಕೆ ಶೇಕಡಾ 12ರ ಬಡ್ಡಿಗೆ ಸಾಲ ಪಡೆದು ಕಾರ್ಡಿನ ಬಾಕಿಯನ್ನು ಒಮ್ಮೆಗೇ ತೀರಿಸಬೇಕು. 24 ಕಂತಿಗೆ ತಿಂಗಳಿಗೆ ಸುಮಾರು 2,920 ರೂಪಾಯಿ ಬರುತ್ತದೆ. ಈಗ ಕಟ್ಟುತ್ತಿರುವುದಕ್ಕಿಂತ ಕಡಿಮೆ, ಎರಡು ವರ್ಷಕ್ಕೆ ಮುಗಿಯುತ್ತದೆ. ಹೆಂಡತಿ ಕೈಬಳೆ ಅಡವಿಡಲು ಮುಂದಾದರು. ಬೇರೆ ದಾರಿ ಇರುವಾಗ ಅದು ಬೇಡವೆಂದು ನಾನು ಸ್ಪಷ್ಟವಾಗಿ ಹೇಳಿದೆ. ತನ್ನದನ್ನೇ ಮೊದಲು ಕೊಡುವ ಅಭ್ಯಾಸದಿಂದ ಅವರನ್ನು ಬಿಡಿಸಬೇಕಿತ್ತು.

ಹಾಲು ಮತ್ತು ಮಾತ್ರೆ ಮರುದಿನದಿಂದಲೇ ಮೊದಲಿನಂತಾಗಬೇಕು ಎಂಬುದು ಎರಡನೆಯ ಸಲಹೆ. ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿಯೇ ಸಿಗುತ್ತದೆ ಎಂದು ತಿಳಿಸಿದೆ. ಅತ್ತೆಯ ರಕ್ತದೊತ್ತಡದ ಔಷಧಿಯನ್ನು ಕಂಪನಿಯ ಹೆಸರಿನ ಬದಲು ಜೆನೆರಿಕ್ (ಔಷಧಿಯ ಮೂಲ) ಹೆಸರಿನಲ್ಲಿ ಬರೆದುಕೊಡಲು ವೈದ್ಯರನ್ನು ಕೇಳಿ, ಜನೌಷಧಿ ಕೇಂದ್ರದಲ್ಲಿ ಕೊಳ್ಳುವಂತೆ ಹೇಳಿದೆ.

ಹಾಗಾದರೆ ಮನೆಯಲ್ಲಿ ಉಳಿಸುವುದು ಎಲ್ಲಿ? ವಿದ್ಯುತ್ ಬಿಲ್ಲನ್ನು ತರಿಸಿ ನೋಡಿದೆ. ಗೃಹಜ್ಯೋತಿ ಯೋಜನೆಯಲ್ಲಿ ಅವರಿಗೆ ಸಿಗುತ್ತಿದ್ದ ಉಚಿತ ಮಿತಿ 154 ಯೂನಿಟ್. ಚಳಿಗಾಲದ ತಿಂಗಳುಗಳಲ್ಲಿ ಬಳಕೆ 213ರವರೆಗೆ ಏರಿತ್ತು. 200 ದಾಟಿದರೆ ಹೆಚ್ಚುವರಿ ಬಳಕೆಗಷ್ಟೇ ಅಲ್ಲ, ಇಡೀ ಬಿಲ್ಲಿಗೇ ಹಣ ಕಟ್ಟಬೇಕಾಗುತ್ತದೆ. ಹಾಗೆ ಒಂದೂವರೆ ಸಾವಿರ ದಾಟಿದ ಬಿಲ್ಲುಗಳು ಬಂದಿದ್ದವು. ಆಕೆ ಇದಕ್ಕೆ ಪರಿಹಾರವಾಗಿ ಅಡುಗೆಮನೆಯ ದೀಪ ಆರಿಸಿ ಕತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. 9 ವಾಟ್‌ನ ಎಲ್‌ಇಡಿ ಬಲ್ಬು ನೂರು ಗಂಟೆಗೂ ಹೆಚ್ಚು ಉರಿದರೆ ಒಂದು ಯೂನಿಟ್. 2,000 ವಾಟ್‌ನ ಗೀಸರ್ ಅರ್ಧ ಗಂಟೆ ನೀರು ಕಾಯಿಸಿದರೇ ಒಂದು ಯೂನಿಟ್. ಆ ಮನೆಯಲ್ಲಿ ಗೀಸರ್ ಬೆಳಿಗ್ಗೆ ಐದೂವರೆಯಿಂದ ಎಲ್ಲರೂ ಹೊರಡುವವರೆಗೆ ಆನ್ ಆಗಿಯೇ ಇರುತ್ತಿತ್ತು.

ವಿದ್ಯುತ್ ಬಳಕೆಯ ಮೇಲೆ ಕಣ್ಣಿಡುವ ಕೆಲಸವನ್ನು ಒಂಬತ್ತನೆಯ ತರಗತಿಯ ಮಗನಿಗೆ ವಹಿಸಿದೆವು. ಪ್ರತಿ ಸಂಜೆ ಏಳಕ್ಕೆ ಅವನು ಮೀಟರ್ ಓದಿ ಬರೆಯಬೇಕು. ಸ್ನಾನ ಒಬ್ಬರ ಹಿಂದೆ ಒಬ್ಬರಂತೆ ಮುಗಿಯಬೇಕು, ಕೊನೆಯವರು ಸ್ನಾನಕ್ಕೆ ಇಳಿಯುವ ಮೊದಲೇ ಗೀಸರ್ ಆರಿಸಬೇಕು. ರಾತ್ರಿಯಿಡೀ ಉರಿಯುತ್ತಿದ್ದ ಸೆಟ್‌ಟಾಪ್ ಬಾಕ್ಸನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಬೇಕು. ಮೂರನೆಯ ವಾರಕ್ಕೆ ದಿನದ ಬಳಕೆ 7.1 ಯೂನಿಟ್‌ನಿಂದ 4.8ಕ್ಕೆ ಇಳಿಯಿತು, ತಿಂಗಳಿಗೆ 144. ಅಮ್ಮನ ಅಡುಗೆಮನೆಯ ದೀಪವನ್ನು ಯಾರೂ ಆರಿಸಬಾರದು ಎಂದು ಮಗನೇ ಒಂದು ಚೀಟಿ ಬರೆದು ಅಂಟಿಸಿದ್ದ.

ಅಡುಗೆಯ ವಿಷಯದಲ್ಲಿ ಅವರಿಗೆ ನಾನು ಕಲಿಸಬೇಕಾದದ್ದು ಹೆಚ್ಚಿರಲಿಲ್ಲ, ಕಲಿತದ್ದೇ ಹೆಚ್ಚು. ಹೀರೇಕಾಯಿ ಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿ ತಿರುಳಿನ ದೋಸೆ, ರಾತ್ರಿ ಉಳಿದ ಅನ್ನದ ಚಿತ್ರಾನ್ನ ಅವರ ಕೈಗೆ ಸಹಜವಾಗಿ ಬರುತ್ತಿದ್ದವು. ಕಾಳನ್ನು ರಾತ್ರಿಯೇ ನೆನೆಹಾಕುವುದು, ಅನ್ನ ಮತ್ತು ಬೇಳೆಯನ್ನು ಒಂದೇ ಕುಕ್ಕರಿನಲ್ಲಿ ಇಡುವುದು, ಮೊದಲ ಕೂಗಿನ ನಂತರ ಉರಿ ತಗ್ಗಿಸುವುದು, ಇಷ್ಟನ್ನು ಸೇರಿಸಿದೆ. ಸಿಲಿಂಡರ್ ಹಚ್ಚಿದ ದಿನಾಂಕವನ್ನು ಅದರ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದಿಡಲು ಹೇಳಿದೆ. 32 ದಿನಕ್ಕೆ ಖಾಲಿಯಾಗುತ್ತಿದ್ದದ್ದು 40 ದಿನ ಬಂತು. ತರಕಾರಿಯನ್ನು ದಿನವೂ ಮನೆಬಾಗಿಲಲ್ಲಿ ಕಾಲು ಕಿಲೋ ಕೊಳ್ಳುವ ಬದಲು ವಾರದ ಸಂತೆಯಲ್ಲಿ ಸಂಜೆ ಹೊತ್ತಿಗೆ ತರುವ ಹೊಣೆಯನ್ನು ಪತಿ ಹೊತ್ತರು. ಎರಡು ವಾರ ಬೆಲೆ ಕೇಳಿ ಬಂದ ಮೇಲೆ, 14,000ದಲ್ಲಿ ಮನೆ ನಡೆಸುವುದೆಂದರೆ ಏನೆಂದು ಅವರಿಗೆ ಅರ್ಥವಾಯಿತು.

ಇನ್ನೊಂದು ಸಂಗತಿ ಮೂರನೆಯ ಭೇಟಿಯಲ್ಲಿ ತಿಳಿಯಿತು. ಆಕೆ ಒಂದು ವರ್ಷದಿಂದ ತವರಿಗೆ ಹೋಗಿರಲಿಲ್ಲ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದರವಿಲ್ಲ. ಆದರೆ “ಬರಿಗೈಲಿ ಹೋಗೋದು ಹೇಗೆ” ಎಂಬ ಸಂಕೋಚಕ್ಕೆ ಅದನ್ನೂ ಬಿಟ್ಟಿದ್ದರು. ಮನೆಯಲ್ಲಿ ಮಾಡಿದ ಹುಚ್ಚೆಳ್ಳು ಚಟ್ನಿಪುಡಿಯ ಒಂದು ಡಬ್ಬಿ ಹಿಡಿದು ಹೋಗಿ ಬನ್ನಿ ಎಂದೆ. ಹೋಗಿ ಎರಡು ದಿನ ಇದ್ದು ಬಂದರು. ತಾಯಿಯ ಮಗ್ಗುಲಲ್ಲಿ ಚೆನ್ನಾಗಿ ನಿದ್ದೆ ಬಂತೆಂದು ಹೇಳಿದರು.

ನಾಲ್ಕು ತಿಂಗಳ ನಂತರದ ಭೇಟಿಯಲ್ಲಿ ಹಿಮೋಗ್ಲೋಬಿನ್ 10.6 ಇತ್ತು, ಚಿಕಿತ್ಸೆ ಮುಂದುವರಿದಿದೆ. ನೋಟ್‌ಬುಕ್ಕಿನಲ್ಲಿ ಈಗ ಗಂಡನ ಅಕ್ಷರವೂ ಇದೆ, ಸಂಬಳದಿಂದ ಹಿಡಿದು ಪೆಟ್ರೋಲಿನವರೆಗೆ. ಅತ್ತೆ ತಮಗೆ ಬರುವ ಗೃಹಲಕ್ಷ್ಮಿ ಹಣದಲ್ಲಿ ಸೊಸೆಗೆಂದು ವಾರಕ್ಕೆ ಆರು ಮೊಟ್ಟೆ ತರಿಸುತ್ತಿದ್ದಾರೆ, ಎದುರು ಕೂತು ತಿನ್ನಿಸುತ್ತಲೂ ಇದ್ದಾರೆ. ಸಹಕಾರ ಸಂಘದ ಮೂರು ಕಂತು ಕಟ್ಟಿಯಾಗಿದೆ. ಕಾರ್ಡನ್ನು ರದ್ದುಪಡಿಸುವ ಅರ್ಜಿಯನ್ನು ಮಾತ್ರ ಪತಿ ಇನ್ನೂ ಕೊಟ್ಟಿಲ್ಲ, ಕಷ್ಟಕಾಲಕ್ಕಿರಲಿ ಎನ್ನುತ್ತಾರೆ. ಮುಂದಿನ ಭೇಟಿಗೆ ಬರುವಾಗ ಅದರ ಸ್ವೀಕೃತಿಪತ್ರ ತರುವಂತೆ ಹೇಳಿ ಕಳುಹಿಸಿದ್ದೇನೆ.