ತೂಕದ ಕಾರ್ಯಕ್ರಮವನ್ನು ಕುಟುಂಬಗಳು ನಡುವೆಯೇ ಬಿಡುವುದೇಕೆ?

ಪ್ರಶ್ನೆ: ನಾನು ಆಹಾರತಜ್ಞೆ. ತೂಕ ಹೆಚ್ಚಿರುವ ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ನಮ್ಮ ಕೇಂದ್ರದಲ್ಲಿ ಆರು ತಿಂಗಳ ಕಾರ್ಯಕ್ರಮ ನಡೆಸುತ್ತೇವೆ. ಮೊದಲ ಭೇಟಿಗೆ ಎಲ್ಲರೂ ಉತ್ಸಾಹದಿಂದ ಬರುತ್ತಾರೆ. ನಾಲ್ಕನೆಯ ಭೇಟಿಯ ಹೊತ್ತಿಗೆ ಅರ್ಧದಷ್ಟು ಕುಟುಂಬಗಳು ಇರುವುದಿಲ್ಲ. ಫೋನ್ ಮಾಡಿದರೆ ‘ಮುಂದಿನ ವಾರ ಬರುತ್ತೇವೆ’ ಎನ್ನುತ್ತಾರೆ, ಬರುವುದಿಲ್ಲ. ಪೋಷಕರಿಗೆ ಕಾಳಜಿ ಇಲ್ಲವೆಂದು ತಿಳಿಯಬೇಕೇ?

ಉತ್ತರ: ದಯವಿಟ್ಟು ಹಾಗೆ ತಿಳಿಯಬೇಡಿ. ಕಾಳಜಿ ಇಲ್ಲದವರು ಮೊದಲ ಭೇಟಿಗೂ ಬರುತ್ತಿರಲಿಲ್ಲ. ಮಕ್ಕಳ ವೈದ್ಯನಾಗಿ ನಾನು ಕಂಡಂತೆ, ನಡುವೆ ಬಿಟ್ಟುಹೋಗುವ ಬಹುಪಾಲು ಕುಟುಂಬಗಳನ್ನು ತಡೆಯುವುದು ಸಂಕೋಚ. ಕಳೆದ ಬಾರಿ ಒಪ್ಪಿಕೊಂಡು ಹೋದದ್ದನ್ನು ಮಾಡಲಾಗಿಲ್ಲ, ಈಗ ಯಾವ ಮುಖ ಇಟ್ಟುಕೊಂಡು ಹೋಗುವುದು ಎಂಬ ಅಳುಕಿನಲ್ಲಿ ಒಂದು ಭೇಟಿ ತಪ್ಪುತ್ತದೆ. ಒಂದು ತಪ್ಪಿದ ಮೇಲೆ ಎರಡನೆಯದು ತಪ್ಪುವುದು ಇನ್ನೂ ಸುಲಭ.

ನಿಮ್ಮ ಕೇಂದ್ರದಲ್ಲಿ ತೂಕ ನೋಡುವ ಕ್ಷಣವನ್ನು ಒಮ್ಮೆ ಗಮನವಿಟ್ಟು ನೋಡಿ. ಮಗು ಚಪ್ಪಲಿ ಬಿಟ್ಟು, ಜೇಬಿನಲ್ಲಿದ್ದದ್ದನ್ನೆಲ್ಲ ತೆಗೆದಿಟ್ಟು, ಉಸಿರು ಬಿಗಿಹಿಡಿದು ಯಂತ್ರದ ಮೇಲೆ ನಿಲ್ಲುತ್ತದೆ. ಅಂಕಿ ಮೂಡಿದಾಗ ಅದು ನೋಡುವುದು ಅಂಕಿಯನ್ನಲ್ಲ, ಅಮ್ಮನ ಮುಖವನ್ನು. ಎಲ್ಲರೆದುರು ಆ ಅಂಕಿಯನ್ನು ಓದಿ ಹೇಳುವುದರಿಂದ ಭೇಟಿ ಆರಂಭವಾದರೆ, ಮುಂದಿನ ಅರ್ಧ ಗಂಟೆ ನೀವು ಎಷ್ಟು ಪ್ರೀತಿಯಿಂದ ಮಾತನಾಡಿದರೂ ಅದು ಪರೀಕ್ಷೆಯ ಫಲಿತಾಂಶ ಕೇಳಿಬಂದಂತೆಯೇ ಆಗುತ್ತದೆ. ತೂಕವನ್ನು ಪ್ರತ್ಯೇಕ ಕೋಣೆಯಲ್ಲಿ ನೋಡಿ, ಮೌನವಾಗಿ ಬರೆದುಕೊಳ್ಳಿ. ಪ್ರತಿ ಭೇಟಿಯಲ್ಲೂ ನೋಡಲೇಬೇಕೆಂಬ ನಿಯಮ ಬೇಡ. ಮಾತು ಆರಂಭವಾಗಬೇಕಾದದ್ದು ಆ ವಾರ ಮನೆಯಲ್ಲಿ ಏನು ನಡೆಯಿತು ಎಂಬುದರಿಂದ.

ಎರಡನೆಯ ವಿಷಯ, ನಾವು ಕೇಳುತ್ತಿರುವ ಸಮಯದ ಲೆಕ್ಕ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಇಂಥ ಕಾರ್ಯಕ್ರಮದಲ್ಲಿ ಮೂರರಿಂದ ಹನ್ನೆರಡು ತಿಂಗಳ ಅವಧಿಯಲ್ಲಿ ಕನಿಷ್ಠ 26 ಗಂಟೆಗಳ ಮುಖಾಮುಖಿ ಒಡನಾಟವಿರಬೇಕು. ನಿಮ್ಮ ಆರು ತಿಂಗಳಿಗೆ ಹಂಚಿದರೆ ವಾರಕ್ಕೆ ಒಂದು ಗಂಟೆ. ನಮಗೆ ಅದು ಒಂದೇ ಗಂಟೆ. ಕುಟುಂಬಕ್ಕೆ ಅರ್ಧ ದಿನದ ರಜೆ, ತಪ್ಪಿಹೋದ ಪಾಠ, ನೆರೆಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗು. ಸಂಜೆಯ ಹೊತ್ತಿನ ಭೇಟಿ, ಒಡಹುಟ್ಟಿದವರನ್ನೂ ಕರೆತರಲು ಅನುಮತಿ, ಬರಲಾಗದ ವಾರ ವಿಡಿಯೊ ಕರೆ, ಇಷ್ಟನ್ನು ಮೊದಲ ದಿನವೇ ತಿಳಿಸಿಬಿಡಿ.

ಮನೆಯ ಅಡುಗೆ ಯಾರದು, ಶಾಲೆಯಿಂದ ಬಂದ ಮಗುವಿಗೆ ಬಾಗಿಲು ತೆರೆಯುವವರು ಯಾರು ಎಂದು ಕೇಳಿದ್ದೀರಾ? ಎಷ್ಟೋ ಸಲ ಆ ವ್ಯಕ್ತಿ ನಿಮ್ಮ ಕೇಂದ್ರಕ್ಕೆ ಕಾಲಿಟ್ಟಿರುವುದೇ ಇಲ್ಲ. ಒಮ್ಮೆಯಾದರೂ ಅವರನ್ನು ಕರೆಸಿ. ಅಮೆರಿಕದ ಸಂಶೋಧಕ ಲಿಯೊನಾರ್ಡ್ ಎಪ್‌ಸ್ಟೈನ್ ಮತ್ತು ಸಂಗಡಿಗರು ಹತ್ತು ವರ್ಷಗಳ ಕಾಲ ಮಕ್ಕಳನ್ನು ಗಮನಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗುವಿನೊಂದಿಗೆ ತಂದೆ ಅಥವಾ ತಾಯಿಯೂ ತಮ್ಮ ಅಭ್ಯಾಸ ಬದಲಿಸಿಕೊಳ್ಳುವಂತೆ ಪ್ರೋತ್ಸಾಹಿಸಿದ ಗುಂಪಿನ ಮಕ್ಕಳೇ ದೀರ್ಘಕಾಲದಲ್ಲಿ ಹೆಚ್ಚು ಪ್ರಯೋಜನ ಪಡೆದಿದ್ದರು. ಹಾಗಾಗಿ ಗುರಿಯನ್ನು ಇಡೀ ಮನೆಗೆ ಇಡಿ, ಒಂದೇ ಒಂದನ್ನು ಇಡಿ, ಅದನ್ನು ಅವರೇ ಆರಿಸಿಕೊಳ್ಳಲಿ. ಸಿಹಿ ಪಾನೀಯ ಮನೆಗೆ ತರದಿರುವುದಿರಬಹುದು, ಊಟದ ಹೊತ್ತಿನಲ್ಲಿ ಟಿವಿ, ಮೊಬೈಲ್ ಆರಿಸುವುದಿರಬಹುದು.

ಭೇಟಿ ತಪ್ಪಿದರೆ ಎರಡು ದಿನದೊಳಗೆ ನೀವೇ ಫೋನ್ ಮಾಡಿ. ‘ಯಾಕೆ ಬರಲಿಲ್ಲ’ ಎಂದು ಕೇಳಬೇಡಿ. ‘ಈ ವಾರ ಏನೂ ಮಾಡಲಾಗದಿದ್ದರೂ ಬನ್ನಿ, ಎಲ್ಲಿ ತೊಡಕಾಯಿತೆಂದು ಕೂತು ನೋಡೋಣ’ ಎನ್ನಿ.

ಪ್ರಶ್ನೆ: ಡಾಕ್ಟರೇ, ನನ್ನ ಹತ್ತು ವರ್ಷದ ಮಗ ಮೂರು ತಿಂಗಳಿಂದ ಇಂಥ ಕಾರ್ಯಕ್ರಮಕ್ಕೆ ಹೋಗುತ್ತಿದ್ದಾನೆ. ತೂಕ ಇಳಿದೇ ಇಲ್ಲ, 46 ಕಿಲೋ ಇದ್ದದ್ದು ಹಾಗೆಯೇ ಇದೆ. ಬಿಡಿಸಿಬಿಡಲೇ?

ಉತ್ತರ: ಬಿಡಿಸಬೇಡಿ ತಾಯಿ, ಮೊದಲು ಅವನ ಎತ್ತರ ಎಷ್ಟಾಗಿದೆ ಎಂದು ಕೇಳಿ ತಿಳಿದುಕೊಳ್ಳಿ. ಬೆಳೆಯುವ ಮಕ್ಕಳಲ್ಲಿ ಅನೇಕ ವೇಳೆ ತೂಕ ಇಳಿಸುವುದು ಗುರಿಯೇ ಅಲ್ಲ. ತೂಕ ನಿಂತಲ್ಲೇ ನಿಂತು, ಎತ್ತರ ಹೆಚ್ಚಿದರೆ ಸಾಕಾಗುತ್ತದೆ. ಉದಾಹರಣೆಗೆ, ಆರಂಭದಲ್ಲಿ ಅವನು 140 ಸೆಂಟಿಮೀಟರ್ ಇದ್ದಿದ್ದರೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ, ಸುಮಾರು 23.5 ಆಗುತ್ತದೆ. ಅದೇ 46 ಕಿಲೋದಲ್ಲಿ ಒಂದೂವರೆ ಸೆಂಟಿಮೀಟರ್ ಬೆಳೆದಿದ್ದರೆ ಅದು 23ಕ್ಕೆ ಇಳಿದಿರುತ್ತದೆ. ನೀವು ಸೋಲೆಂದು ಭಾವಿಸಿರುವ ಈ ಮೂರು ತಿಂಗಳಲ್ಲಿ ನಿಮ್ಮ ಮಗ ಸರಿಯಾದ ದಾರಿಯಲ್ಲೇ ಇರಬಹುದು. ಮುಂದಿನ ಭೇಟಿಯಲ್ಲಿ ಬಿಎಂಐ ನಕ್ಷೆಯನ್ನು ಅವನ ಮುಂದೆಯೇ ಬಿಡಿಸಿ ತೋರಿಸಲು ಹೇಳಿ, ಹಿಂದಿನ ಚುಕ್ಕೆಯ ಪಕ್ಕದಲ್ಲಿ ಹೊಸ ಚುಕ್ಕೆಯನ್ನು ಅವನ ಕೈಯಿಂದಲೇ ಇಡಿಸಿ.