ಓದುಗರ ಪ್ರಶ್ನೆ: ಅಂಗಳದಲ್ಲಿ ಜಲ್ಲಿ ಹಾಸು, ಮರದ ಬೆಂಚು

ಪ್ರಶ್ನೆ: ಮನೆಯ ಹಿಂದೆ 10 ಅಡಿ ಅಗಲ, 12 ಅಡಿ ಉದ್ದದ ಜಾಗ ಖಾಲಿ ಇದೆ. ಸಂಜೆ ಕೂತು ಚಾ ಕುಡಿಯಲು ಜಲ್ಲಿ ಹಾಕಿಸಿ, ಮೂಲೆಯಲ್ಲಿ ಎಲ್ ಆಕಾರಕ್ಕೆ ಎರಡು ಮರದ ಬೆಂಚು ಮಾಡಿಸುವ ಆಲೋಚನೆ. ಇಂಟರ್‌ಲಾಕ್ ಬೇಡ, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ವರ್ಷ ವರ್ಷ ಕೆಲಸ ಹಚ್ಚದ ಹಾಗೆ ಮಾಡುವುದು ಹೇಗೆ? ಸಾಮಾನು ಎಷ್ಟು ಬೇಕು?
– ಸುರತ್ಕಲ್‌ನ ಓದುಗರು

ಉತ್ತರ: ಮೊದಲು ನೀರಿನ ಲೆಕ್ಕ ನೋಡಿ. ನಿಮ್ಮದು 120 ಚದರಡಿ. ಆಟಿಯಲ್ಲಿ (ಜುಲೈ–ಆಗಸ್ಟ್) ಒಂದೇ ದಿನ 100 ಮಿ.ಮೀ. ಸುರಿಯುವುದು ನಮ್ಮ ಕಡೆ ದೊಡ್ಡ ಸುದ್ದಿಯೇನಲ್ಲ. ಅಷ್ಟು ಸುರಿದರೆ ಆ ತುಂಡು ಜಾಗದ ಮೇಲೆಯೇ ಸುಮಾರು 1,100 ಲೀಟರ್ ಬೀಳುತ್ತದೆ, ಮಾಡಿನಿಂದ ಇಳಿಯುವ ನೀರು ಬೇರೆ. ಅದು ಹೋಗುವುದೆಲ್ಲಿಗೆ ಎಂದು ತೀರ್ಮಾನವಾಗದೆ ಒಂದು ಬುಟ್ಟಿ ಜಲ್ಲಿಯನ್ನೂ ತರಿಸಬೇಡಿ.

ಜಾಗದ ನಡುವೆ 1 ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಒಂದೆರಡು ಗಂಟೆಯಲ್ಲಿ ಇಳಿದರೆ ಚಿಂತೆಯಿಲ್ಲ. ಮರುದಿನವೂ ನಿಂತಿದ್ದರೆ ಅಡಿಯಲ್ಲಿ ಜೇಡಿಯಂಥ ಶೇಡಿ ಮಣ್ಣು ಇರುವ ಸಂಭವ ಹೆಚ್ಚು. ಗುಡ್ಡೆ ತಗ್ಗಿಸಿ ಸಮತಟ್ಟು ಮಾಡಿದ ಸೈಟುಗಳಲ್ಲಿ ಮೇಲಿನ ಮುರಕಲ್ಲಿನ (ಜಂಬಿಟ್ಟಿಗೆ) ಪದರ ಹೋಗಿ ಅದರಡಿಯ ಶೇಡಿ ಹೊರಬಿದ್ದಿರುತ್ತದೆ. ಒಣಗಿದಾಗ ಪಿಕ್ಕಾಸಿಗೂ ಜಗ್ಗದು, ನೆನೆದರೆ ಸೋಪಿನ ಹಾಗೆ. ಅದರ ಮೇಲೆ ನೇರವಾಗಿ ಜಲ್ಲಿ ಸುರಿದರೆ ನಡೆದಾಡುವ ಭಾರಕ್ಕೆ ಜಲ್ಲಿ ಕೆಳಗೆ, ಕೆಸರು ಮೇಲೆ. ಅಂಥ ಜಾಗದಲ್ಲಿ ತಗ್ಗಿನ ಬದಿಗೆ ತೂತು ಕೊರೆದ 4 ಇಂಚಿನ ಪಿವಿಸಿ ಪೈಪು ಹೂತು, ಅದರ ಬಾಯಿಯನ್ನು ನೀರು ಹರಿಯುವ ಕಣಿಗೆ ಬಿಡಲೇಬೇಕು.

ಇನ್ನು ಅಗೆತ. ಇಡೀ ಜಾಗವನ್ನು 6 ಇಂಚು ಅಗೆದು, ತಳವನ್ನು ಮನೆಯ ಗೋಡೆಯಿಂದ ಆಚೆಗೆ 12 ಅಡಿಗೆ 2 ಇಂಚು ಇಳಿಜಾರು ಮಾಡಿ. ಕಣ್ಣಳತೆ ಬೇಡ, ನೀರು ತುಂಬಿದ ಪಾರದರ್ಶಕ ಪೈಪಿನ ಟ್ಯೂಬ್ ಲೆವೆಲ್ ಹಿಡಿಯಿರಿ. ಇಳಿಜಾರು ಇರಬೇಕಾದದ್ದು ತಳದಲ್ಲಿ. ಮೇಲಿನ ಜಲ್ಲಿ ಸಮ ಇದ್ದರೂ ನಡೆಯುತ್ತದೆ. ಸುತ್ತ 9 ಇಂಚು ಎತ್ತರ ಬರುವಂತೆ ಮುರಕಲ್ಲು ನಿಲ್ಲಿಸಿ, 7 ಇಂಚು ಮಣ್ಣಿನೊಳಗೆ, 2 ಇಂಚು ಹೊರಗೆ. ಹೊರಗಿನ ಕೆಸರು ನೀರು ಒಳಗೆ ಬಾರದು, ಒಳಗಿನ ಜಲ್ಲಿ ಹೊರಗೆ ಚೆಲ್ಲದು, ಗರಿಕೆಯ ಬೇರಿಗೂ ಸುಲಭವಾಗಿ ದಾರಿ ಸಿಗದು. ತಗ್ಗಿನ ಬದಿಯ ಕಲ್ಲುಗಳ ನಡುವೆ ಸಿಮೆಂಟ್ ಹಾಕದೆ ಅರ್ಧ ಇಂಚು ಸಂದು ಬಿಡಿ. 15 ಇಂಚು ಉದ್ದದ ಕಲ್ಲಾದರೆ 44 ಅಡಿ ಸುತ್ತಳತೆಗೆ 36 ಬೇಕು. ಒಡೆಯುವುದನ್ನು ಸೇರಿಸಿ 40 ತರಿಸಿ. ಬೆಂಚಿನ ಕಟ್ಟೆಗಳಿಗೆ ಇನ್ನೊಂದು 18.

ಕಟ್ಟೆಗಳನ್ನು ಜಲ್ಲಿಗಿಂತ ಮೊದಲೇ ಕಟ್ಟಿ. 6 ಅಡಿಯ ಒಂದು ಬೆಂಚಿಗೆ ಮೂರು ಕಟ್ಟೆ: ನಡುವಿಗೊಂದು, ಎರಡೂ ತುದಿಯಿಂದ 6 ಇಂಚು ಒಳಗೆ ಒಂದೊಂದು. 4 ಇಂಚು ಕಾಂಕ್ರೀಟಿನ ಮೇಲೆ ಒಂದು ಕಲ್ಲು ನೆಲದೊಳಗೆ, ಎರಡು ಮೇಲೆ, ಅದರ ಮೇಲೆ 2 ಇಂಚಿನ ಕಾಂಕ್ರೀಟ್ ಟೋಪಿ. ಟೋಪಿ ಹಾಕುವಾಗಲೇ 10 ಮಿ.ಮೀ. ಸ್ಟೀಲ್ ಬೋಲ್ಟನ್ನು ನಿಲ್ಲಿಸಿ ಬಿಡಬೇಕು. ಆಮೇಲೆ ಮುರಕಲ್ಲಿಗೆ ಡ್ರಿಲ್ ಹಾಕಿ ಫಾಸ್ಟನರ್ ಹೊಡೆಯುತ್ತೇವೆ ಎಂದರೆ ಒಪ್ಪಬೇಡಿ. ಆ ಕಲ್ಲು ಹುಡಿಯುದುರಿ ಬೋಲ್ಟು ಅಲ್ಲಾಡುತ್ತದೆ.

ಕಟ್ಟೆ ಒಣಗಿದ ಮೇಲೆ ತಳಕ್ಕೆ ದಮ್ಮಸು ಹೊಡೆದು, ನೀರು ಇಳಿಯಬಿಟ್ಟು ಮಣ್ಣು ತಡೆಯುವ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಬದಿ ಮಡಚಲು ಸೇರಿಸಿ ಸುಮಾರು 170 ಚದರಡಿ ಬೇಕು, ಎರಡು ತುಂಡು ಸೇರುವಲ್ಲಿ 1 ಅಡಿ ಒಂದರ ಮೇಲೊಂದು. ಅದರ ಮೇಲೆ 4 ಇಂಚು ದಪ್ಪಕ್ಕೆ ಮುಕ್ಕಾಲು ಇಂಚಿನ ಜಲ್ಲಿ, ಎರಡು ಸಲಕ್ಕೆ ಹಾಕಿ ಎರಡು ಸಲ ದಮ್ಮಸು. ಲೆಕ್ಕಕ್ಕೆ 40 ಘನ ಅಡಿ, ಕುಸಿಯುವುದನ್ನು ಹಿಡಿದು 46 ತರಿಸಿ. ಮೇಲಿನ 2 ಇಂಚಿಗೆ ಅರ್ಧ ಇಂಚಿನ ಜಲ್ಲಿ, 22 ಘನ ಅಡಿ ಸಾಕು. ಇನ್ನೂ ದಪ್ಪ ಹಾಕಿದರೆ ಪಣಂಬೂರು ಬೀಚಿನ ಮರಳಲ್ಲಿ ನಡೆದ ಹಾಗಾಗುತ್ತದೆ. ಉರುಟು ಹೊಳೆಕಲ್ಲು ನೋಡಲು ಚಂದ, ಆದರೆ ಕಾಲಡಿಯಲ್ಲಿ ಉರುಳುತ್ತದೆ. ಒಡೆದ ಜಲ್ಲಿಯ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇನ್ನೂ ಸಣ್ಣ ಬೇಬಿ ಜಲ್ಲಿ ಚಪ್ಪಲಿಯ ಅಡಿಗೆ ಸಿಕ್ಕಿ ಮನೆಯೊಳಗೆ ಬರುತ್ತದೆ. ಮೇಲಿನ ಪದರದ್ದನ್ನು ತೊಳೆದೇ ಹಾಕಿ. ಕ್ರಷರ್ ಹುಡಿ ಸಂದಿಗೆ ಕೂತರೆ ಬೀಜ ಮೊಳೆಯಲು ನೀವೇ ಮಡಿ ಮಾಡಿಕೊಟ್ಟಂತೆ.

ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಮೇ ಕೊನೆಯಲ್ಲಿ ಅಗೆಯಲು ಹೊರಟರೆ ಗುಂಡಿ ಕೆರೆಯಾಗುತ್ತದೆ.

ಪ್ರಶ್ನೆ: ಬೆಂಚಿಗೆ ಆಚಾರಿ ಹಲಸು ಎನ್ನುತ್ತಾರೆ, ಮಿಲ್ಲಿನಲ್ಲಿ ಅಕೇಶಿಯಾ ಸಾಕು ಎನ್ನುತ್ತಾರೆ. ಹಿಂದಿನ ಬೆಂಚಿನ ಸ್ಕ್ರೂ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು, ವಾರ್ನಿಶ್ ಎದ್ದು ಬಂತು. ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಬಹುದೇ?
– ಮಲ್ಪೆಯ ಓದುಗರು

ಉತ್ತರ: ಹಲಸಾದರೂ ಅಕೇಶಿಯಾ ಆದರೂ ತಿರುಳಿನ ಭಾಗವೇ ಆಗಬೇಕು. ಹಲಸಿನಲ್ಲಿ ಅದು ಅರಿಶಿನ ಬಣ್ಣ, ಅಕೇಶಿಯಾದಲ್ಲಿ ಕಂದು. ಅಂಚಿನ ಬಿಳಿ ಭಾಗ ಹಲಗೆಯಲ್ಲಿ ಒಂದು ಬೆರಳಗಲ ಉಳಿದರೂ ಒರಲೆ (ಗೆದ್ದಲು) ಅಲ್ಲಿಂದಲೇ ಶುರು ಮಾಡುತ್ತದೆ. ಕಿರಾಲ್‌ಬೋಗಿ ಎಂಬ ಗಟ್ಟಿಮರ ಸಿಕ್ಕಿದರೆ ಎರಡಕ್ಕಿಂತಲೂ ಒಳ್ಳೆಯದು. ಹಳೆ ಮನೆ ಕೆಡವಿದಲ್ಲಿ ತೊಲೆ ಸಿಗುವುದುಂಟು, ಅದು ಒಣಗಿಯೂ ಇರುತ್ತದೆ. ಮಾವು, ರಬ್ಬರ್ ಮರ ಹೊರಗಿನ ಕೆಲಸಕ್ಕೆ ಬೇಡವೇ ಬೇಡ. ಅಕೇಶಿಯಾದ ದೋಷ ಹಸಿ ಇದ್ದಾಗ ಕೊಯ್ದು ಬಡಿಯುವುದರಲ್ಲಿದೆ: ಒಣಗುತ್ತಾ ತಿರುಚುತ್ತದೆ, ತುದಿ ಸೀಳುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಎನ್ನುವುದು ಹಳೆಯ ಲೆಕ್ಕ.

6 ಅಡಿ ಬೆಂಚಿಗೆ 4 ಇಂಚು ಅಗಲ, ಒಂದೂವರೆ ಇಂಚು ದಪ್ಪದ ನಾಲ್ಕು ಹಲಗೆ. ಹಲಗೆಗಳ ನಡುವೆ 10 ಮಿ.ಮೀ. ಸಂದು ಬಿಟ್ಟರೆ ಒಟ್ಟು 17 ಇಂಚು ಅಗಲ ಬರುತ್ತದೆ. ಅಡಿಗೆ 16 ಇಂಚು ಉದ್ದದ 3×2 ಪಟ್ಟಿ ಮೂರು, ಮಲಗಿಸಿ ಇಟ್ಟದ್ದು. ಎಲ್ಲ ಸೇರಿ 1¼ ಘನ ಅಡಿಯ ಒಳಗೆ. ಸುರತ್ಕಲ್‌ನವರ ಎರಡು ಬೆಂಚಿಗೂ ಇದೇ ಅಳತೆ ಹೊಂದುತ್ತದೆ. ನೆಲದಿಂದ ಎತ್ತರ 18 ಇಂಚಿನ ಆಸುಪಾಸು.

ಮರ ಕೊಳೆಯುವುದು ಬಿಸಿಲು ಬೀಳುವ ಮೇಲ್ಭಾಗದಲ್ಲಿ ಅಲ್ಲ, ಕಲ್ಲಿಗೆ ತಾಗುವ ಅಡಿಭಾಗದಲ್ಲಿ. ಮುರಕಲ್ಲಾಗಲಿ ಕಾಂಕ್ರೀಟಾಗಲಿ ನೀರು ಹೀರಿ ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಕಟ್ಟೆಗೂ ಪಟ್ಟಿಗೂ ನಡುವೆ 5 ಮಿ.ಮೀ. ರಬ್ಬರ್ ಬಿಲ್ಲೆ ಕೊಡಿ, ಇಡೀ ಹಾಳೆ ಬೇಡ, ಗಾಳಿ ಆಡಬೇಕು. ಮರದ ಕಾಲನ್ನು ಕಾಂಕ್ರೀಟಿನಲ್ಲಿ ಹೂಳಿದರೆ ನೀರು ಅದರ ಸುತ್ತ ಇಳಿದು ಅಲ್ಲೇ ನಿಲ್ಲುತ್ತದೆ, ನೆಲಮಟ್ಟದಲ್ಲಿ ಕಾಲು ಮುರಿಯುತ್ತದೆ.

ಸ್ಕ್ರೂ ಎಸ್‌ಎಸ್ 316, ಅಂದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು. ಕಡಲ ಗಾಳಿಗೆ 304 ಕೂಡ ಕಂದು ಕಲೆ ಬಿಡುತ್ತದೆ. ಜಿಪ್ಸಂ ಸೀಲಿಂಗಿಗೆ ಬಳಸುವ ಕಪ್ಪು ಸ್ಕ್ರೂ ಹೇಳುವುದೇ ಬೇಡ. 3 ಇಂಚು ಉದ್ದ, 5 ಮಿ.ಮೀ. ದಪ್ಪದ್ದು ಬೆಂಚಿಗೆ 24. ಮೊದಲು 3.5 ಮಿ.ಮೀ. ತೂತು ಕೊರೆಯಿರಿ, ಕಿರಾಲ್‌ಬೋಗಿಗೆ 4, ಇಲ್ಲದಿದ್ದರೆ ಸ್ಕ್ರೂವಿನ ತಲೆಯೇ ತುಂಡಾಗುತ್ತದೆ.

ವಾರ್ನಿಶ್ ಮರದ ಮೇಲೆ ಚರ್ಮದ ಹಾಗೆ ಕೂರುತ್ತದೆ. ಬಿಸಿಲಿಗೆ ಎಲ್ಲೋ ಒಂದು ಕೂದಲೆಳೆ ಬಿರುಕು ಬಿಟ್ಟರೆ ನೀರು ಒಳಗೆ ಹೋಗಿ ಹೊರಬರಲಾಗದೆ ಅದನ್ನೇ ಎಬ್ಬಿಸುತ್ತದೆ. ಮರದೊಳಗೆ ಇಂಗುವ, ಹೊರಾಂಗಣಕ್ಕೆಂದೇ ಬರುವ ಎಣ್ಣೆ ಹಚ್ಚಿ. ಹಲಗೆಯ ತುದಿಗಳು ಉಳಿದೆಲ್ಲ ಭಾಗಕ್ಕಿಂತ ಹೆಚ್ಚು ನೀರು ಕುಡಿಯುತ್ತವೆ, ಅಲ್ಲಿಗೆ ಮೂರು ಕೋಟು. ಬರೀ ಅಗಸೆ ಎಣ್ಣೆ ನಮ್ಮ ತೇವಕ್ಕೆ ಬೂಸಲು ಹಿಡಿದು ಕಪ್ಪಾಗುತ್ತದೆ. ಅದನ್ನು ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯೇರಿ ಬೆಂಕಿ ಹಿಡಿಯುವುದುಂಟು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಮರ ಚೆನ್ನಾಗಿ ಒಣಗಿರುವಾಗ ಹಚ್ಚಿದರೆ ಸಾಕು.

ಗೇರುಬೀಜದ ಸಿಪ್ಪೆಯ ಎಣ್ಣೆ ಮರಕ್ಕೆ ಒಳ್ಳೆಯ ಕಾವಲು, ಕೂರುವವರಿಗೆ ಅಲ್ಲ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಅಡಿಪಟ್ಟಿಯ ಕೆಳಮೈಗೆ ಕೈಗವಸು ಹಾಕಿಕೊಂಡು ಬಳಿದು, ಪೂರ್ತಿ ಒಣಗಿದ ಮೇಲೆ ಜೋಡಿಸಬಹುದು. ಹಲಗೆಗೆ ಬೇಡ.

ಪ್ರಶ್ನೆ: ಎರಡು ವರ್ಷದ ಹಿಂದೆ ಗುತ್ತಿಗೆದಾರರೊಬ್ಬರು ಟಾರ್ಪಾಲು ಹಾಸಿ ಜಲ್ಲಿ ಹಾಕಿಕೊಟ್ಟರು. ಕಳೆ ಬರುವುದೇ ಇಲ್ಲ ಎಂದಿದ್ದರು. ಈಗ ಜಲ್ಲಿ ಹಸಿರಾಗಿದೆ, ಕಳೆಯೂ ಇದೆ, ಸೊಳ್ಳೆಯೂ ಇದೆ. ಪಕ್ಕದಲ್ಲಿ ಮಾವಿನ ಮರ ಇದೆ.
– ಬ್ರಹ್ಮಾವರದ ಓದುಗರು

ಉತ್ತರ: ಟಾರ್ಪಾಲು ಬಾಣಲೆಯ ಹಾಗೆ ನೀರು ಹಿಡಿದಿದೆ, ಅಷ್ಟೆ. ಕಳೆ ಕೆಳಗಿನಿಂದ ಬಂದದ್ದಲ್ಲ. ಮಾವಿನ ಎಲೆ ಉದುರಿ, ಕೊಳೆತು, ಜಲ್ಲಿಯ ಸಂದಿಯಲ್ಲಿ ಗೊಬ್ಬರವಾಗಿದೆ. ಗಾಳಿಗೆ ಬಂದ ಬೀಜ ಅದರಲ್ಲಿ ಮೊಳೆತಿದೆ. ಯಾವ ಹಾಸು ಹಾಕಿದರೂ ಇದು ತಪ್ಪದು, ಎಲೆ ಗುಡಿಸುವುದೊಂದೇ ದಾರಿ.

ಜಲ್ಲಿ ಬದಿಗೆ ಎಳೆದು ಟಾರ್ಪಾಲು ಕಿತ್ತು ತೆಗೆಯಿರಿ. ಅಲ್ಲಲ್ಲಿ ತೂತು ಮಾಡಿ ಬಿಟ್ಟರೆ ಸಾಲದು, ತೂತು ಕೆಸರು ಕಟ್ಟಿ ಮುಚ್ಚುತ್ತದೆ. ಮೇಲೆ ಹೇಳಿದಂತೆ ತಳಕ್ಕೆ ಇಳಿಜಾರು ಕೊಟ್ಟು ಬಟ್ಟೆ ಹಾಸಿ. ಹಳೆಯ ಜಲ್ಲಿಯನ್ನು ಜರಡಿಯಲ್ಲಿ ತೊಳೆದು ಅದನ್ನೇ ಹಾಕಿ, ಹೊಸತು ಬೇಡ. ಇನ್ನು ಮೇಲೆ ಎಲೆ ಒಣಗಿರುವಾಗಲೇ ಹಿಡಿಸೂಡಿಯಲ್ಲಿ ಮೆಲ್ಲಗೆ ಗುಡಿಸಿ. ಒದ್ದೆ ಎಲೆ ಜಲ್ಲಿಗೆ ಅಂಟಿಕೊಳ್ಳುತ್ತದೆ. ಜೂನ್ ಮೊದಲ ಮಳೆಗೆ ಮೊಳೆತದ್ದನ್ನು ಎರಡೆಲೆ ಇರುವಾಗಲೇ ಕಿತ್ತರೆ ಬೇರು ಬಟ್ಟೆಗೆ ಇಳಿಯದು. ತಜಂಕ್ (ತಗಚೆ ಸೊಪ್ಪು) ಆದರೆ ಕಿತ್ತು ಪಲ್ಯ ಮಾಡಿ, ಕಳೆನಾಶಕ ಹೊಡೆದಿರದಿದ್ದರೆ ಮಾತ್ರ.

ಪ್ರಶ್ನೆ: ಜಲ್ಲಿಯ ಬದಲು ಅರ್ಧ ಅಡಿ ಎತ್ತರಿಸಿ ಮರದ ಡೆಕ್ ಮಾಡಿಸಿದರೆ?
– ಕದ್ರಿಯ ಓದುಗರು

ಉತ್ತರ: ಬೇಡ. ಅಷ್ಟು ತಗ್ಗಿನ ಡೆಕ್‌ನ ಅಡಿಗೆ ಕೈ ಹೋಗದು, ಸೂಡಿ ಹೋಗದು, ಗಾಳಿಯೂ ಸರಿಯಾಗಿ ಹೋಗದು. ಇಲಿ ಹೋಗುತ್ತದೆ, ಇಲಿಯ ಹಿಂದೆ ಹಾವು. ನಮ್ಮ ಬೆಂಚಿನ ಅಡಿಯನ್ನು ತೆರೆದೇ ಬಿಡಲು ಹೇಳುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಅಮ್ಮ ಕೋಲು ಹಿಡಿದು ನಡೆಯುತ್ತಾರೆ. ಜಲ್ಲಿಯ ಮೇಲೆ ಕಷ್ಟವಾಗದೇ?
– ಕಾಪುವಿನ ಓದುಗರು

ಉತ್ತರ: ಆಗುತ್ತದೆ, ಕೋಲಿನ ತುದಿ ಜಲ್ಲಿಯಲ್ಲಿ ಹೂತು ಹೋಗುತ್ತದೆ. ಬಾಗಿಲಿನಿಂದ ಬೆಂಚಿನವರೆಗೆ 3 ಅಡಿ ಅಗಲಕ್ಕೆ, 2 ಇಂಚು ದಪ್ಪದ ಶಿಲೆಕಲ್ಲಿನ ಚಪ್ಪಡಿಗಳನ್ನು ನಡುವೆ ಜಲ್ಲಿ ಬಿಡದೆ ಒಂದಕ್ಕೊಂದು ತಾಗಿಸಿ ಹಾಸಿ. ಪಾಲಿಶ್ ಮಾಡಿದ್ದು ಬೇಡ, ಒರಟು ಮೈಯೇ ಬೇಕು. ಚಪ್ಪಡಿಯ ಬದಿಯ ಜಲ್ಲಿ ಅರ್ಧ ಇಂಚು ತಗ್ಗಿ ಇರಲಿ, ಇಲ್ಲದಿದ್ದರೆ ಕಲ್ಲು ದಾರಿಗೆ ಹೊರಳಿ ಬಂದು ಅದೇ ಜಾರಿಸುತ್ತದೆ. ಬೆಂಚಿನ ಒಂದು ತುದಿಗೆ ಕೈ ಊರಲು ಹಿಡಿಕೆ ಇಡಿಸಿ, ಕೂರುವಾಗಿನದಕ್ಕಿಂತ ಏಳುವಾಗ ಅದರ ಅಗತ್ಯ ಹೆಚ್ಚು. ಹತ್ತಿರ ತೆಂಗಿನ ಮರ ಇದ್ದರೆ ಬೆಂಚು ಅದರ ಗರಿಯ ಅಡಿಯಿಂದ ಪೂರ್ತಿ ಹೊರಗಿರಲಿ.